ಇಲ್ಲದ್ದನ್ನು ಮೊದಲು ಕೂಗಿದವರು

ಇಸ್ಪೀಟು ಕಟ್ಟಿಗೆ ಕೊಬ್ಬರಿ ವಾಸನೆ ಇರುತ್ತದೆಯೇ ಎಂದು ಯಾರಾದರೂ ಕೇಳಿದರೆ ನಾನು ಇರುತ್ತದೆ ಎನ್ನುತ್ತೇನೆ. ಹೋದ ಭಾನುವಾರ ಬೇಲೂರಿನ ನಮ್ಮ ಮನೆಯಲ್ಲಿ ಹೊಸ ಕಟ್ಟಿನ ಮೇಲೆ ಕಾಫಿ ಚೆಲ್ಲಿತು. ಬೇರೆ ದಾರಿಯಿಲ್ಲದೆ ಬೀರುವಿನ ಮೇಲರೆಯಿಂದ ಹಳೆಯ ಬಿಸ್ಕತ್ತಿನ ಡಬ್ಬಿ ಇಳಿಸಿದೆ. ಮುಚ್ಚಳ ಬಿಗಿಯಾಗಿತ್ತು, ಚಮಚದ ತುದಿಯಿಂದ ಮೀಟಬೇಕಾಯಿತು. ತೆರೆದದ್ದೇ ತಡ, ಆ ವಾಸನೆ ಮುಖಕ್ಕೇ ಬಂತು. ಒಣಗಿದ ಉಂಡೆ ಕೊಬ್ಬರಿಯ, ತುಸು ಸಿಹಿ, ತುಸು ಜಿಡ್ಡು ವಾಸನೆ. ಒಳಗಿದ್ದ ಎಲೆಗಳ ಅಂಚು ಸವೆದು ಮೆತ್ತಗಾಗಿತ್ತು.

ನಾನು ಈಗ ಇಲ್ಲಿನ ಕಾಲೇಜೊಂದರಲ್ಲಿ ಪ್ರಾಂಶುಪಾಲೆ. ನಮ್ಮ ಕಾಲೇಜಿನ ಮೂವರು ಅಧ್ಯಾಪಕಿಯರಿಗೆ ಭಾನುವಾರ ಮಧ್ಯಾಹ್ನ ಬ್ರಿಜ್ ಆಟ ಕಲಿಸುತ್ತೇನೆ. ಅವತ್ತು ಆ ಹಳೆಯ ಕಟ್ಟನ್ನೇ ಕಲೆಸಿ ಹಂಚಿದೆವು. ನನ್ನ ಹದಿಮೂರು ಎಲೆಗಳನ್ನು ಜೋಡಿಸಿ ಹಿಡಿದೆ, ಬಾಯಿ ತೆರೆದೆ… ಬಂದದ್ದು ಇಪ್ಪತ್ತು ವರ್ಷ ಹಿಂದಿನ ಕೂಗು. ಅದರಿಂದ ಏನು ಅನಾಹುತವಾಯಿತು ಎಂಬುದನ್ನು ಕೊನೆಗೆ ಹೇಳುತ್ತೇನೆ. ಆ ಕೂಗನ್ನು ನನಗೆ ಕಲಿಸಿದವರ ವಿಷಯ ಮೊದಲು ಹೇಳಬೇಕು.

ಅರಸೀಕೆರೆಯಲ್ಲಿ ಅವರನ್ನು ಎಲ್ಲರೂ ಮಂಡಿ ಅಮ್ಮ ಎನ್ನುತ್ತಿದ್ದರು. ರೈತರು ತಂದ ಕೊಬ್ಬರಿಯನ್ನು ಹರಾಜಿಗೆ ಇಟ್ಟು ಮಾರಿಕೊಡುವ ದಲ್ಲಾಳಿ ಮಂಡಿ ಅವರದು. ಯಜಮಾನರು ಇದ್ದಾಗ ಇಬ್ಬರೂ ಸೇರಿ ನಡೆಸುತ್ತಿದ್ದರಂತೆ, ನಾನು ನೋಡುವ ಹೊತ್ತಿಗೆ ಅವರೊಬ್ಬರೇ. ಎತ್ತರದ ಆಳು, ದೊಡ್ಡ ಗಂಟಲು, ಮೂಗಿನ ತುದಿಗೆ ಜಾರಿದ ಕನ್ನಡಕ. ಗದ್ದಿಗೆಯ ಮೇಲೆ ಕೂತು ಅವರು ಒಂದು ಸಲ ಕೆಮ್ಮಿದರೆ ಚೀಲ ಹೊರುವವರು ಅಲ್ಲಲ್ಲೇ ನಿಂತು ತಿರುಗಿ ನೋಡುತ್ತಿದ್ದರು. ಅವರಿಗೆ ಅಹಂಕಾರ ಇರಲಿಲ್ಲ ಎಂದು ನಾನು ಸುಳ್ಳು ಹೇಳಲಾರೆ. ಇತ್ತು, ಮತ್ತು ಅದು ಅವರಿಗೆ ಚೆನ್ನಾಗಿಯೇ ಒಪ್ಪುತ್ತಿತ್ತು.

ಹಗರೆಯವಳಾದ ನಾನು ಅರಸೀಕೆರೆ ಕಾಲೇಜಿಗೆ ಭೌತಶಾಸ್ತ್ರದ ಉಪನ್ಯಾಸಕಿಯಾಗಿ ಬಂದಾಗ ಬಾಡಿಗೆ ಮನೆಗೆ ಅಲೆದೂ ಅಲೆದೂ ಸುಸ್ತಾಗಿದ್ದೆ. ನಮ್ಮದು ಬುದ್ಧನ ಪಟ ಇಟ್ಟು ದೀಪ ಹಚ್ಚುವ ಮನೆ. ಬಾಡಿಗೆಗೆ ಕೊಡುವವರು ಊರು ಕೇಳುತ್ತಿದ್ದರು, ಅಪ್ಪನ ಹೆಸರು ಕೇಳುತ್ತಿದ್ದರು, ಹಬ್ಬ ಯಾವುದು ಮಾಡ್ತೀರಿ ಎನ್ನುತ್ತಿದ್ದರು, ಸುತ್ತಿ ಬಳಸಿ ತಮಗೆ ಬೇಕಾದಲ್ಲಿಗೆ ಬಂದು, ಆಮೇಲೆ ಮನೆ ಖಾಲಿ ಇಲ್ಲ ಎನ್ನುತ್ತಿದ್ದರು. ಮಂಡಿ ಅಮ್ಮ ಅದೊಂದನ್ನೂ ಕೇಳಲಿಲ್ಲ. ನನ್ನನ್ನು ಮಾಳಿಗೆಗೆ ಕರೆದೊಯ್ದು ಬಾಗಿಲು ತೆಗೆದರು.

"ನೋಡ್ಕೊ. ಬ್ಯಾಸಿಗೇಲಿ ಸೆಕೆ ಐತೆ. ನೀರು ಕೆಳಗಿಂದ ಹೊರಬೇಕು. ಆ ಕಿಟಕಿ ಮುಚ್ಚಾಕಾಗಲ್ಲ, ಇಲಿ ಬತ್ತವೆ. ಕೊಬ್ಬರಿ ವಾಸನೆ ಅಂತೂ ನಿನ್ನ ಸೀರೆಗೆಲ್ಲ ಹತ್ಕೊಂತದೆ. ಆಗ್ತದಾ?"

ಆಗುತ್ತದೆ ಎಂದೆ. ಒಳ್ಳೆಯದೇನಾದರೂ ಹೇಳುತ್ತಾರೆ ಎಂದು ಕಾದೆ. ಅಷ್ಟು ಹೇಳಿ ಬೀಗದ ಕೈ ಕೊಟ್ಟು ಇಳಿದು ಹೋದರು.

ಅವರ ರೀತಿಯೇ ಹಾಗೆಂದು ನನಗೆ ಗೊತ್ತಾದದ್ದು ಮಂಡಿಯಲ್ಲಿ. ಹರಾಜಿನ ಬೆಳಿಗ್ಗೆ ಬೇರೆ ಮಂಡಿಗಳಲ್ಲಿ ರಾಶಿಯ ಮೇಲ್ಭಾಗಕ್ಕೆ ಬೆಳ್ಳಗಿನ, ದುಂಡಗಿನ ಉಂಡೆಗಳನ್ನು ಹರಡುತ್ತಿದ್ದರು. ಇವರು ಮಾತ್ರ ಪ್ರತಿ ರಾಶಿಯ ಮುಂದೆ ಒಂದು ಬುಟ್ಟಿ ಇಡಿಸುತ್ತಿದ್ದರು. ಆ ಬುಟ್ಟಿಯಲ್ಲಿ ಆ ರಾಶಿಯಿಂದ ಆರಿಸಿದ ಕೌಟು ಉಂಡೆ, ಬೂಷ್ಟು ಹಿಡಿದದ್ದು, ಒಡೆದದ್ದು. ಖರೀದಿಗೆ ಬಂದವನು ಮೊದಲು ಬುಟ್ಟಿ ನೋಡಬೇಕು, ಆಮೇಲೆ ರಾಶಿಗೆ ಕೈ ಹಾಕಬೇಕು. ಹೊಸ ರೈತರು ಮುನಿಸಿಕೊಳ್ಳುತ್ತಿದ್ದರು. "ಏನಮ್ಮಾ, ನಮ್ಮ ಮಾಲಿನ ಮಾನ ನೀವೇ ಕಳೀತೀರಲ್ಲ" ಎನ್ನುತ್ತಿದ್ದರು. ಆದರೆ ಖರೀದಿದಾರರು ಅವರ ಅಂಗಳದಲ್ಲಿ ಅನುಮಾನವಿಲ್ಲದೆ ಕೂಗುತ್ತಿದ್ದರು. ಅಡಿಯಲ್ಲಿ ಏನು ಅಡಗಿದೆಯೋ ಎಂಬ ಭಯವಿಲ್ಲದವನ ಬಾಯಿ ಧಾರಾಳ. ಮುನಿಸಿಕೊಂಡ ರೈತರೇ ಮುಂದಿನ ಸಲ ಗಾಡಿ ಹೊಡೆದುಕೊಂಡು ನೆಟ್ಟಗೆ ಇಲ್ಲಿಗೇ ಬರುತ್ತಿದ್ದರು.

ಒಂದು ಭಾನುವಾರ ಮಧ್ಯಾಹ್ನ ನಾನು ಉತ್ತರಪತ್ರಿಕೆ ತಿದ್ದುತ್ತಿದ್ದಾಗ ಅವರು ಮಾಳಿಗೆ ಹತ್ತಿ ಬಂದರು. ಕೈಯಲ್ಲಿ ಈ ಬಿಸ್ಕತ್ತಿನ ಡಬ್ಬಿ. "ಲೆಕ್ಚರಮ್ಮ, ಇಸ್ಪೀಟು ಆಡಿದ್ರೆ ನಿಮ್ಮ ಕಾಲೇಜಿನೋರು ಕೆಲಸದಿಂದ ತೆಗೀತಾರಾ?" ಎಂದರು. ಇಲ್ಲ ಎಂದೆ. "ಹಂಗಾದ್ರೆ ಕೂತ್ಕೊ" ಎಂದರು.

ಬ್ರಿಜ್ ಗೊತ್ತಿಲ್ಲದವರಿಗೆ ಎರಡು ಮಾತು. ನಾಲ್ಕು ಜನ ಕೂರುತ್ತಾರೆ, ಎದುರುಬದುರು ಕೂತವರು ಜೋಡಿ. ಒಬ್ಬೊಬ್ಬರಿಗೆ ಹದಿಮೂರು ಎಲೆ. ನಾಲ್ವರೂ ಒಂದೊಂದು ಎಲೆ ಹಾಕಿದರೆ ಒಂದು ಪಟ್ಟು, ದೊಡ್ಡ ಎಲೆ ಹಾಕಿದವರ ಜೋಡಿಗೆ ಆ ಪಟ್ಟು. ಆದರೆ ಎಲೆ ಹಾಕುವುದಕ್ಕೆ ಮೊದಲು ಕೂಗು ನಡೆಯುತ್ತದೆ. ಆಟೀನು, ಇಸ್ಪೀಟು, ಡೈಮಂಡು, ಕಳಾವರ್ ಎಂಬ ನಾಲ್ಕು ಬಗೆಗಳಲ್ಲಿ ಯಾವುದು ಉಳಿದವನ್ನು ಹೊಡೆಯುವ ತುರುಫಾಗಬೇಕು, ನಮ್ಮ ಜೋಡಿ ಎಷ್ಟು ಪಟ್ಟು ಗೆಲ್ಲಬಲ್ಲದು ಎಂದು ಹರಾಜಿನ ಹಾಗೆ ಕೂಗುತ್ತ ಏರುತ್ತಾರೆ. ಆರು ಪಟ್ಟಿನ ಮೇಲೆ ಇನ್ನೆಷ್ಟು ಎಂಬುದು ಕೂಗಿನ ಸಂಖ್ಯೆ, ಒಂದು ಎಂದರೆ ಏಳು ಪಟ್ಟು. ಎದುರಿಗೆ ಕೂತವರ ಎಲೆ ನಮಗೆ ಕಾಣದು, ನಮ್ಮದು ಅವರಿಗೆ ಕಾಣದು. ಕಣ್ಣು ಮಿಟುಕಿಸುವಂತಿಲ್ಲ, ಕೆಮ್ಮುವಂತಿಲ್ಲ. ಕೂಗಿನಲ್ಲೇ ಒಬ್ಬರಿಗೊಬ್ಬರು ತಮ್ಮ ಕೈ ತಿಳಿಸಬೇಕು. ಆ ಕೂಗುಗಳಿಗೆ ಏನೇನು ಅರ್ಥ ಎಂದು ಜೋಡಿ ಮೊದಲೇ ಮಾಡಿಕೊಂಡ ಒಪ್ಪಂದಕ್ಕೆ ಪದ್ಧತಿ ಎನ್ನುತ್ತಾರೆ.

ಎಲ್ಲ ಕಡೆ ನಡೆಯುವ ಪದ್ಧತಿ ಸರಳ. ಆಟೀನು ಹೆಚ್ಚಿದ್ದರೆ ಆಟೀನು ಕೂಗು, ಇಸ್ಪೀಟು ಹೆಚ್ಚಿದ್ದರೆ ಇಸ್ಪೀಟು ಕೂಗು. ಮಂಡಿ ಅಮ್ಮ ನನಗೆ ಮೊದಲು ಕಲಿಸಿದ್ದು ಅದನ್ನೇ. ಒಂದು ವರ್ಷ ಪೂರ್ತಿ ಬೇರೇನೂ ಹೇಳಿಕೊಡಲಿಲ್ಲ. "ಮೊದಲು ಊರ ಮಾತು ಕಲಿ. ಎಲ್ಲಿ ಹೋದ್ರೂ ಯಾರ ಎದುರು ಬೇಕಾದ್ರೂ ಕೂರಬೋದು. ಮನೆ ಮಾತು ಆಮೇಲೆ" ಎನ್ನುತ್ತಿದ್ದರು. ಮನೆ ಮಾತು ಅಂದರೆ ಏನು ಎಂದು ಕೇಳಿದರೆ ಡಬ್ಬಿಯ ಮುಚ್ಚಳ ಹಾಕಿಬಿಡುತ್ತಿದ್ದರು.

ಆ ಮನೆ ಮಾತು ಅವರು, ಅವರ ಯಜಮಾನರು ಸೇರಿ ಕಟ್ಟಿದ್ದು. ಜಂಕ್ಷನ್‌ನ ರೈಲ್ವೆ ಅಧಿಕಾರಿಗಳಿಂದ ಯಜಮಾನರು ಆಟ ಕಲಿತು ಬಂದು ಹೆಂಡತಿಗೆ ಕಲಿಸಿದ್ದರು. ಹೆಂಡತಿ ಸ್ವಲ್ಪ ದಿನದಲ್ಲೇ ಈ ಪದ್ಧತಿ ಸರಿಯಿಲ್ಲ ಎಂದರಂತೆ. ಆಟದಲ್ಲಿ ಸೋಲುವುದು ಇದ್ದದ್ದರಿಂದಲ್ಲ, ಜೊತೆಗಾರನ ಹತ್ತಿರ ಏನು ಇಲ್ಲ ಎಂದು ತಿಳಿಯದ್ದರಿಂದ ಎಂಬುದು ಅವರ ವಾದ. ಹಾಗಾಗಿ ಪದ್ಧತಿಯನ್ನೇ ತಿರುವಿ ಹಾಕಿದರು. ಅವರ ಮನೆಯಲ್ಲಿ ಒಂದು ಆಟೀನು ಎಂದು ಕೂಗಿದರೆ, ನನ್ನ ಕೈ ಚೆನ್ನಾಗಿದೆ, ಆದರೆ ಆಟೀನು ಮಾತ್ರ ಒಂದೇ ಇದೆ ಅಥವಾ ಅದೂ ಇಲ್ಲ ಎಂದು ಅರ್ಥ. ಮುಖ್ಯ ಕೂಗೆಲ್ಲ ಹೀಗೆ ಕೊರತೆಯ ಕೂಗು. ನಾಲ್ಕು ಬಗೆಯೂ ಸಾಕಷ್ಟಿದ್ದು ಕೊರತೆಯೇ ಇಲ್ಲದಿದ್ದರೆ ತುರುಫಿಲ್ಲದ ಆಟ ಕೂಗಬೇಕು.

ನನಗೆ ಇದನ್ನು ಹೇಳಿಕೊಟ್ಟ ದಿನ ನಾನು ನಕ್ಕೆ. ಅವರು ನಗಲಿಲ್ಲ.

"ಕೈಯಲ್ಲಿ ಏನೈತೆ ಅಂತ ಎಲ್ಲಾರೂ ಕೂಗ್ತಾರೆ ಕಣೇ. ಏನಿಲ್ಲ ಅಂತ ಮೊದ್ಲು ಕೂಗು, ನೋಡಾನ. ಆಗ ಎದುರಿಗಿರೋನಿಗೆ ಗೊತ್ತಾಯ್ತದೆ ತಂದು ಎಲ್ಲಿ ಆನಿಸ್ಬೇಕು ಅಂತ."

ಲೆಕ್ಕ ಹಾಕಿ ನೋಡಿದೆ. ಅವರು ಹೇಳಿದ್ದು ನಿಜವಾಗಿತ್ತು. ಅವರಲ್ಲಿ ಆಟೀನು ಇಲ್ಲವೆಂದ ಮೇಲೆ ನನ್ನ ಕೈಯಲ್ಲಿ ಆಟೀನಿನ ರಾಜ, ರಾಣಿ ಇದ್ದರೆ ಅವು ದಂಡ. ಹೇಗಿದ್ದರೂ ಅಲ್ಲಿ ಅವರು ತುರುಫು ಹೊಡೆದು ಗೆಲ್ಲುತ್ತಾರೆ. ನಾನು ಮೇಲಕ್ಕೇರದೆ ನಿಲ್ಲಿಸಬೇಕು. ಬದಲಿಗೆ ನನ್ನ ಆಟೀನೆಲ್ಲ ಪುಡಿ ಎಲೆಗಳಾಗಿ, ದೊಡ್ಡವೆಲ್ಲ ಬೇರೆ ಬಗೆಯಲ್ಲಿದ್ದರೆ ಒಂದೂ ವ್ಯರ್ಥವಾಗದು, ಧೈರ್ಯವಾಗಿ ಏರಬಹುದು. ಊರ ಪದ್ಧತಿಯಲ್ಲಿ ಇಷ್ಟು ಸೂಕ್ಷ್ಮ ಅಷ್ಟು ಬೇಗ ತಿಳಿಯುವುದಿಲ್ಲ.

ಯಜಮಾನರು ಹೋದ ಮೇಲೆ ಅವರು ವರ್ಷಗಟ್ಟಲೆ ಎಲೆ ಮುಟ್ಟಿರಲಿಲ್ಲವಂತೆ. ಊರ ಪದ್ಧತಿಯಲ್ಲಿ ಆಡಲು ಕ್ಲಬ್ಬಿನಲ್ಲಿ ಜನ ಇದ್ದರು. "ಅದ್ರಲ್ಲಿ ಆಡ್ದೆ, ಎಲ್ಡು ಸಲ. ಗೆದ್ದೆ ಕೂಡ. ಸಂತೇಲಿ ಮಾತಾಡ್ದಂಗಿತ್ತು, ಮನೇಲಿ ಮಾತಾಡ್ದಂಗಿರಲಿಲ್ಲ…" ಎಂದು ಒಮ್ಮೆ ಹೇಳಿದರು. ಅಷ್ಟೇ. ಅವರು ತಮ್ಮ ದುಃಖವನ್ನು ಅದಕ್ಕಿಂತ ಉದ್ದಕ್ಕೆ ಎಳೆದದ್ದು ನಾನು ಕೇಳಿಲ್ಲ.

ನಾನೇನೂ ಒಂದೇ ದಿನಕ್ಕೆ ಪಂಡಿತಳಾಗಲಿಲ್ಲ. ಅರಸೀಕೆರೆಯ ಸ್ಟೇಷನ್ ರಸ್ತೆಯ ಕ್ಲಬ್ಬಿನಲ್ಲಿ ನಾವು ಮೊದಲ ಸಲ ಈ ಪದ್ಧತಿಯಲ್ಲಿ ಆಡಿದಾಗ ಅವರು ಒಂದು ಆಟೀನು ಎಂದರು. ನನ್ನ ಕೈ ಬಡವಾಗಿತ್ತು, ಮೂರು ಪುಡಿ ಆಟೀನು ಇದ್ದವು. ಊರ ಪದ್ಧತಿಯ ಗುಂಗಿನಲ್ಲಿ ಪಾಸ್ ಎಂದುಬಿಟ್ಟೆ. ಎದುರಾಳಿಗಳು ಜಾಣರು, ಅವರೂ ಪಾಸ್. ಕೊರತೆಯ ಬಗೆಯೇ ನಮ್ಮ ತುರುಫಾಗಿ ಕೂತಿತು. ಎದುರಾಳಿಗಳ ಹತ್ತಿರ ಒಂಬತ್ತು ತುರುಫು, ನಮ್ಮ ಹತ್ತಿರ ನಾಲ್ಕು. ಮಂಡಿ ಅಮ್ಮ ಒಂದೊಂದೇ ಎಲೆಯನ್ನು ಹರಾಜಿನಲ್ಲಿ ಮಾಲು ಬಿಟ್ಟುಕೊಡುವ ಹಾಗೆ ಎಸೆದು, ಕೊನೆಗೆ "ಕಾಫಿ ಕುಡಿ, ನಿದ್ದೆ ಬಿಡ್ತದೆ" ಎಂದರು. ಕ್ಲಬ್ಬಿನ ಇತರ ಮೇಜುಗಳಲ್ಲಿ ನಗು ಬಹಳ ಹೊತ್ತು ನಡೆಯಿತು.

ಕ್ಲಬ್ಬಿನ ಕಾರ್ಯದರ್ಶಿಗಳು ನಿವೃತ್ತ ಹೆಡ್‌ಮಾಸ್ಟರು, ಊರ ಪದ್ಧತಿಯ ಕಟ್ಟಾ ಅಭಿಮಾನಿ. ಅವರಿಗೂ ಮಂಡಿ ಅಮ್ಮನಿಗೂ ಈ ವಿಷಯದಲ್ಲಿ ಭಾನುವಾರ ಬಿಡದ ಜಗಳ. ಅವರ ವಾದವೂ ತೆಗೆದುಹಾಕುವಂಥದ್ದಲ್ಲ. ಊರ ಪದ್ಧತಿ ಲಕ್ಷಾಂತರ ಕೈಗಳಲ್ಲಿ ಉರುಳಿ ನಯವಾದದ್ದು, ಇಬ್ಬರು ಅಟ್ಟದ ಮೇಲೆ ಕೂತು ಕಟ್ಟಿದ್ದಕ್ಕೆ ಆ ಹದ ಬರುವುದಿಲ್ಲ ಎನ್ನುತ್ತಿದ್ದರು. ನಾಳೆ ಈ ಹುಡುಗಿಗೆ ವರ್ಗವಾದರೆ ನಿಮ್ಮ ಎದುರು ಯಾರು ಕೂರುತ್ತಾರೆ ಎಂದೂ ಕೇಳುತ್ತಿದ್ದರು. ನಿಮ್ಮ ಕೊರತೆ ಎದುರಾಳಿಗೂ ಕೇಳಿಸುತ್ತದಲ್ಲ, ಅವನು ಅದನ್ನು ಬಳಸಿಕೊಳ್ಳುವುದಿಲ್ಲವೇ ಎನ್ನುವುದು ಅವರ ಕೊನೆಯ ಬಾಣ. ಮಂಡಿ ಅಮ್ಮ ಎಲ್ಲಕ್ಕೂ ಹೌದು ಎನ್ನುತ್ತಿದ್ದರು. "ಬಳಸ್ಕೊಳ್ಳಿ ಬಿಡಿ ಮೇಷ್ಟ್ರೇ, ಅವರ ಕಿವಿ ಅವರ ಹತ್ರ ಐತೆ." ಕಾರ್ಯದರ್ಶಿಗಳು ತಲೆ ಚಚ್ಚಿಕೊಳ್ಳುತ್ತಿದ್ದರು, ಆಮೇಲೆ ಇಬ್ಬರೂ ಒಂದೇ ತಟ್ಟೆಯಿಂದ ಖಾರಾಬೂಂದಿ ತಿನ್ನುತ್ತಿದ್ದರು.

ಇದು ಹೀಗೆ ತಮಾಷೆಯಾಗಿಯೇ ನಡೆಯುತ್ತಿತ್ತು. ಹಾಸನದಿಂದ ಒಬ್ಬ ವಕೀಲರು ಆಡಲು ಬಂದ ದಿನ ತಮಾಷೆ ಮುಗಿಯಿತು.

ಒಳ್ಳೆಯ ಆಟಗಾರರು, ಸೋತು ಅಭ್ಯಾಸವಿರಲಿಲ್ಲ. ಆ ದಿನ ನಮಗೆ ಮೂರು ಆಟ ಸೋತರು. ಎದ್ದು ನಿಂತು, ಇಡೀ ಹಾಲಿಗೆ ಕೇಳಿಸುವ ಹಾಗೆ, "ಇದು ಆಟ ಅಲ್ಲ ಕಣ್ರೀ. ಟವಲ್ ಕೆಳಗಿನ ವ್ಯಾಪಾರ" ಎಂದರು.

ನಮ್ಮ ಕಡೆಯವರಿಗೆ ಆ ಮಾತಿನ ತೂಕ ಗೊತ್ತು. ದನದ ಸಂತೆಯಲ್ಲಿ ಕೊಡುವವನು, ಕೊಳ್ಳುವವನು ಕೈ ಮೇಲೆ ಟವಲ್ ಹೊದೆಸಿಕೊಂಡು ಅದರ ಕೆಳಗೆ ಬೆರಳು ಹಿಡಿದು ಬೆಲೆ ಮಾತಾಡುತ್ತಾರೆ. ಸುತ್ತ ನಿಂತವರಿಗೆ ಒಂದೂ ತಿಳಿಯದು. ದನದ ಸಂತೆಗೆ ಅದು ಸರಿ, ಅಲ್ಲಿ ಯಾರೂ ತಪ್ಪು ತಿಳಿಯುವುದಿಲ್ಲ. ಆದರೆ ಬಹಿರಂಗ ಹರಾಜು ನಡೆಸುವ ಮಂಡಿಯವರಿಗೆ ಆ ಮಾತು ಹೇಳಿದರೆ ನೀನು ಕಳ್ಳಿ ಎಂದ ಹಾಗೆ. ಯಾವ ಕೌಟನ್ನೂ ಮುಚ್ಚಿಡದೆ ಗಳಿಸಿದ ಹೆಸರು ಅವರದು. ಭಾನುವಾರ ಕ್ಲಬ್ಬಿನಲ್ಲಿ ಆಡಿದ ಮಾತು ಸೋಮವಾರ ಮಾರುಕಟ್ಟೆ ಅಂಗಳದಲ್ಲಿ ಇರುತ್ತದೆ. ಇತ್ತು ಕೂಡ. ಹರಾಜಿನ ಮಧ್ಯೆ ಒಬ್ಬ ಖರೀದಿದಾರ ಬುಟ್ಟಿ ನೋಡಿ ನಗುತ್ತ, "ಅಮ್ಮಾ, ಟವಲ್ ಎಲ್ಲಿ?" ಎಂದ. ತಮಾಷೆಗೇ ಎಂದದ್ದು. ಮಂಡಿ ಅಮ್ಮನ ಮುಖ ಕಪ್ಪಿಟ್ಟದ್ದನ್ನು ನಾನು ಮಾಳಿಗೆಯ ಮೆಟ್ಟಿಲಿನಿಂದ ಕಂಡೆ.

ಮುಂದಿನ ತಿಂಗಳು ನಮ್ಮ ಕ್ಲಬ್ಬಿನಲ್ಲೇ ಸುತ್ತಲಿನ ಊರುಗಳ ಜೋಡಿಗಳ ಪಂದ್ಯ ಇತ್ತು, ಗೆದ್ದವರಿಗೆ ಒಂದು ಕಪ್ಪು. ವಕೀಲರೂ ಬರುವವರಿದ್ದರು. ಕಾರ್ಯದರ್ಶಿಗಳು ಮಂಡಿಗೆ ಬಂದು, ಈ ಒಂದು ಸಲ ಊರ ಪದ್ಧತಿಯಲ್ಲೇ ಆಡಿಬಿಡಿ, ಮಾತು ತಣ್ಣಗಾಗಲಿ ಎಂದು ಕೇಳಿಕೊಂಡರು. ನಿಜ ಹೇಳಬೇಕೆಂದರೆ ನನಗೂ ಅದೇ ಸರಿ ಎನಿಸಿತ್ತು. ಅವರು ಗದ್ದಿಗೆಯಲ್ಲಿ ಕೂತೇ ಕೇಳಿಸಿಕೊಂಡರು.

"ಈಗ ಬಿಟ್ರೆ ಅವರು ಹೇಳಿದ್ದು ದಿಟ ಅಂತ ಒಪ್ಕೊಂಡಂಗೆ ಆಯ್ತದೆ ಮೇಷ್ಟ್ರೇ. ಕಪ್ಪು ಯಾರಿಗಾದ್ರೂ ಹೋಗ್ಲಿ. ಆ ಮಾತು ಮಾತ್ರ ನಿಮ್ಮ ಕ್ಲಬ್ಬಲ್ಲೇ ಸಾಯ್ಬೇಕು."

ಪಂದ್ಯದ ಹಿಂದಿನ ದಿನ ಮಂಡಿಯ ದರದ ಹಲಗೆಯನ್ನು ಗೋಡೆಯಿಂದ ಇಳಿಸಿದರು. ದಿನದ ಕೊಬ್ಬರಿ ದರವನ್ನು ಸೀಮೆಸುಣ್ಣದಲ್ಲಿ ಬರೆದು ಬಾಗಿಲಿಗೆ ನಿಲ್ಲಿಸುವ ದೊಡ್ಡ ಕರಿಹಲಗೆ ಅದು. ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿಸಿ, ನನ್ನ ಕೈಗೆ ಸೀಮೆಸುಣ್ಣ ಕೊಟ್ಟರು. ಅವರು ಹೇಳುತ್ತ ಹೋದರು, ನಾನು ಬರೆದೆ. ಒಂದು ಕಳಾವರ್ ಎಂದರೆ ಕೈ ಚೆನ್ನಾಗಿದೆ, ಕಳಾವರ್ ಕೊರತೆ. ಒಂದು ಆಟೀನು ಎಂದರೆ ಕೈ ಚೆನ್ನಾಗಿದೆ, ಆಟೀನು ಕೊರತೆ. ಹೀಗೆ ಅವರೂ ಯಜಮಾನರೂ ವರ್ಷಗಳ ಕಾಲ ಕೂತು ಕಟ್ಟಿದ್ದೆಲ್ಲ, ಮರುಕೂಗುಗಳೂ ಸೇರಿ, ಒಂದು ಹಲಗೆಯಲ್ಲಿ ಹಿಡಿಯಿತು. ಕೊನೆಯ ಸಾಲನ್ನು ಅವರೇ ಬರೆದರು: ಸಂಶಯ ಇದ್ದವರು ಕೇಳಿ, ಹೇಳುತ್ತೇವೆ.

ಮಾರನೆಯ ಬೆಳಿಗ್ಗೆ ಚೀಲ ಹೊರುವ ಇಬ್ಬರು ಆ ಹಲಗೆಯನ್ನು ತಲೆಯ ಮೇಲೆ ಹೊತ್ತು ಸ್ಟೇಷನ್ ರಸ್ತೆಯಲ್ಲಿ ನಡೆದರು. ಹಿಂದೆ ಮಂಡಿ ಅಮ್ಮ, ಅವರ ಪಕ್ಕದಲ್ಲಿ ನಾನು. ಹೋಟೆಲಿನವರು ಹೊರಗೆ ಬಂದು ನೋಡಿದರು. ನನಗೆ ನಾಚಿಕೆಯಾಗಬೇಕಿತ್ತು. ಆಗಲಿಲ್ಲ, ಅಷ್ಟು ಹೆಮ್ಮೆಯಿಂದ ನಾನು ಆ ರಸ್ತೆಯಲ್ಲಿ ಮತ್ತೆಂದೂ ನಡೆದಿಲ್ಲ. ಹಾಲಿನ ನಡುಗೋಡೆಗೆ ಹಲಗೆ ಆನಿಸಿ ನಿಲ್ಲಿಸಿದೆವು. ಯಾವ ಕುರ್ಚಿಯಿಂದ ನೋಡಿದರೂ ಓದಬಹುದಿತ್ತು.

ಬಂದವರು ಓದಿದರು, ಕೆಲವರು ನಕ್ಕರು. ಕಾರ್ಯದರ್ಶಿಗಳು ಹೆದರಿದ್ದಂತೆಯೇ ಮೊದಲಿಗೆ ಏಟು ಬಿತ್ತು. ಎರಡನೆಯ ಸುತ್ತಿನಲ್ಲಿ ತಿಪಟೂರಿನ ಒಂದು ಜೋಡಿ ಹಲಗೆ ನೋಡಿ ನೋಡಿಯೇ ನಮ್ಮ ಕೊರತೆಯ ಜಾಗಕ್ಕೆ ಸರಿಯಾಗಿ ಹೊಡೆದು ನಮ್ಮನ್ನು ಕೆಡವಿತು. ನಾನು ಕುದಿಯುತ್ತಿದ್ದೆ. ಮಂಡಿ ಅಮ್ಮ ಆ ಜೋಡಿಗೆ "ಚೆನ್ನಾಗಿ ಓದಿದ್ರಿ" ಎಂದು ಹೇಳಿ ಮುಂದಿನ ಮೇಜಿಗೆ ನಡೆದರು.

ವಕೀಲರ ಮೇಜಿಗೆ ಬಂದದ್ದು ಕೊನೆಗೆ. ಅವರು ನನ್ನ ಎಡಕ್ಕೆ ಕೂತರು. ಎಲ್ಲ ಮೇಜುಗಳಿಗೂ ಸರದಿಯಂತೆ ಹೋಗುವ, ಮೊದಲೇ ಹಂಚಿಟ್ಟ ಎಲೆ ಎತ್ತಿಕೊಂಡೆವು. ಮಂಡಿ ಅಮ್ಮ ಒಂದು ಆಟೀನು ಎಂದರು. ನನ್ನ ಕೈಯಲ್ಲಿ ನಾಲ್ಕು ಪುಡಿ ಆಟೀನು, ಒಂದೂ ದೊಡ್ಡದಿಲ್ಲ. ಆದರೆ ರಾಜ, ರಾಣಿ ಸಮೇತ ಐದು ಇಸ್ಪೀಟು, ಡೈಮಂಡಿನ ರಾಜ, ಕಳಾವರ್ ಎಕ್ಕ. ಅವರಿಗೆ ಆಟೀನು ಬೇಡ, ನನ್ನ ದೊಡ್ಡ ಎಲೆ ಒಂದೂ ಆಟೀನಿನಲ್ಲಿಲ್ಲ. ಎದುರಾಳಿಗಳ ಬಲವೆಲ್ಲ ನಮಗೆ ಬೇಡವಾದ ಆ ಒಂದೇ ಬಗೆಯಲ್ಲಿ ಕೊಳೆಯುತ್ತಿರಬೇಕು. ನಾನು ಇಸ್ಪೀಟು ಕೂಗಿದೆ, ಅವರು ಒಪ್ಪಿ ಏರಿದರು, ಆರು ಇಸ್ಪೀಟಿಗೆ ಹೋಗಿ ನಿಂತೆವು. ಹದಿಮೂರರಲ್ಲಿ ಹನ್ನೆರಡು ಪಟ್ಟು ಗೆಲ್ಲುತ್ತೇವೆ ಎಂಬ ಮಾತು ಅದು. ಆಡುವವಳು ನಾನು.

ವಕೀಲರು ಮೊದಲ ಎಲೆ ಹಾಕಬೇಕಿತ್ತು. ಹಾಕಲಿಲ್ಲ. ನನ್ನನ್ನು ನೋಡಿದರು.

"ಅಮ್ಮಾವ್ರು ಮೊದಲು ಆಟೀನು ಕೂಗಿದ್ರಲ್ಲ, ಅದಕ್ಕೆ ಏನರ್ಥ ಮೇಡಂ?"

ಕೂಗಿನ ಅರ್ಥವನ್ನು ಕೂಗಿದವರು ಹೇಳುವಂತಿಲ್ಲ. ಎದುರಿಗೆ ಕೂತ ಜೊತೆಗಾರರೇ ಹೇಳಬೇಕು, ಇದು ಬ್ರಿಜ್‌ನ ನಿಯಮ. ಅರ್ಥ ಹಲಗೆಯ ಮೇಲೆ ಇತ್ತು. ಆದರೂ ಹಾಲೆಲ್ಲ ಕೇಳಿಸುವ ಹಾಗೆ ನನ್ನ ಬಾಯಿಂದ ಬರಲಿ ಎಂದು ಅವರು ಕೇಳಿದರು. ನಾನು ಹಾಲೆಲ್ಲ ಕೇಳಿಸುವ ಹಾಗೆಯೇ ಹೇಳಿದೆ. "ಅವರ ಹತ್ರ ಒಂದೇ ಆಟೀನು ಇದೆ ಸಾರ್. ಇಲ್ಲಾಂದ್ರೆ ಅದೂ ಇಲ್ಲ."

ವಕೀಲರು ಆಟ ಬಲ್ಲವರು. ಅಷ್ಟು ತಿಳಿದ ಮೇಲೆ ಏನು ಮಾಡಬೇಕೋ ಅದನ್ನೇ ಮಾಡಿದರು. ಆಟೀನು ಹಾಕದೆ ತುರುಫನ್ನೇ ಹಾಕಿದರು. ಮಂಡಿ ಅಮ್ಮನ ಕೈಯ ತುರುಫನ್ನು ಕರಗಿಸಿಬಿಟ್ಟರೆ ನನ್ನ ಪುಡಿ ಆಟೀನುಗಳನ್ನು ಹೊಡೆಯಲು ಏನೂ ಉಳಿಯಬಾರದು ಎಂಬ ಲೆಕ್ಕ. ನಾವು ನಿಜ ಹೇಳದಿದ್ದರೆ ಆ ಎಲೆ ಅವರಿಗೆ ಹೊಳೆಯುತ್ತಿರಲಿಲ್ಲ. ಆಡುವವಳ ಜೊತೆಗಾರರಾದ್ದರಿಂದ ಮಂಡಿ ಅಮ್ಮ ನಿಯಮದಂತೆ ತಮ್ಮ ಎಲೆಗಳನ್ನು ಮೇಜಿನ ಮೇಲೆ ತೆರೆದು ಹರಡಿದರು, ಇನ್ನು ಅವನ್ನೂ ನಾನೇ ಆಡಬೇಕು. ಹರಡಿದವರು ಆಟ ಮುಗಿಯುವ ತನಕ ತುಟಿ ಬಿಚ್ಚುವಂತಿಲ್ಲ. ನಾಲ್ಕು ಇಸ್ಪೀಟು, ಒಂದೇ ಒಂದು ಆಟೀನು. ಅವರು ಕೈ ಕಟ್ಟಿಕೊಂಡು ಕಿಟಕಿಯಾಚೆ ನೋಡುತ್ತ ಕೂತರು.

ನಾನು ಆ ತುರುಫಿನ ಪಟ್ಟು ಗೆದ್ದು, ಒಂದು ಆಟೀನು ಬಿಟ್ಟುಕೊಟ್ಟೆ. ವಕೀಲರು ಗೆದ್ದು ಮತ್ತೆ ತುರುಫೇ ಹಾಕಿದರು. ಈಗ ಅಮ್ಮನ ಕಡೆ ಎರಡು ತುರುಫು ಉಳಿದವು, ನನ್ನಲ್ಲಿ ಮೂರು ಪುಡಿ ಆಟೀನು. ಎರಡನ್ನು ಅಲ್ಲಿ ತುರುಫಿನಿಂದ ಹೊಡೆದೆ. ಮೂರನೆಯದಕ್ಕೆ… ಆಗ ಅಮ್ಮನ ಡೈಮಂಡು ಕಂಡವು, ಎಕ್ಕ ಮತ್ತು ರಾಣಿ. ರಾಣಿ ಬೀಳುವ ಹೊತ್ತಿಗೆ ನನ್ನಲ್ಲಿ ಡೈಮಂಡ್ ಖಾಲಿ, ಉಳಿದ ಆಟೀನನ್ನು ಅದರ ಮೇಲೆ ಎಸೆದೆ. ಮುಗಿಯಿತು. ಹನ್ನೆರಡು ಪಟ್ಟು. ಎಲ್ಲ ಹೇಳಿ, ಎದುರಾಳಿ ಎಲ್ಲ ಕೇಳಿಸಿಕೊಂಡು, ಸರಿಯಾದ ಎಲೆಯನ್ನೇ ಹಾಕಿಯೂ ಹನ್ನೆರಡು. ಅದೇ ಎಲೆಗಳನ್ನು ಆಡಿದ ಉಳಿದ ಮೇಜಿನವರೆಲ್ಲ ನಾಲ್ಕು ಇಸ್ಪೀಟಿಗೇ ನಿಂತಿದ್ದರು. ಊರ ಪದ್ಧತಿಯಲ್ಲಿ ದೊಡ್ಡ ಎಲೆಗಳ ಅಂಕ ಕೂಡಿಸಿದರೆ ಅಷ್ಟೇ ಬರುತ್ತಿತ್ತು.

ಕಪ್ಪು ನಮಗೆ ಬರಲಿಲ್ಲ. ಊರ ಪದ್ಧತಿಯಲ್ಲೇ ತಪ್ಪಿಲ್ಲದೆ ಆಡಿದ ಕಡೂರಿನ ಗಂಡ ಹೆಂಡತಿ ಮೊದಲಿಗರಾದರು, ನಾವು ಎರಡನೆಯವರು. ಕಾರ್ಯದರ್ಶಿಗಳು ತಾವೇ ಗೆದ್ದಷ್ಟು ಬೀಗಿದರು. ನನಗೆ ಈಗ ಅದೂ ಸರಿಯೆನಿಸುತ್ತದೆ. ಇಡೀ ದಿನದ ಲೆಕ್ಕದಲ್ಲಿ ಊರ ಪದ್ಧತಿ ಗಟ್ಟಿ, ಆ ಒಂದು ಆಟದ ಲೆಕ್ಕದಲ್ಲಿ ನಮ್ಮದು. ಯಾವುದು ಮೇಲು ಎಂದು ಕೇಳಿದರೆ ನಾನು ಇಂದಿಗೂ ಎದುರಿಗೆ ಯಾರು ಕೂತಿದ್ದಾರೆ ಎಂದು ತಿರುಗಿ ಕೇಳುತ್ತೇನೆ.

ವಕೀಲರು ಹೊರಡುವ ಮುನ್ನ ಹಲಗೆಯ ಮುಂದೆ ನಿಂತು ಮೇಲಿಂದ ಕೆಳಗೆ ಓದಿದರು. ಆಮೇಲೆ ಎಲ್ಲರೂ ಇರುವಾಗಲೇ ಬಂದು ಕೈ ಮುಗಿದರು. "ಅಮ್ಮಾ, ಅವತ್ತು ಆ ಟವಲ್ ಮಾತು ಆಡಬಾರದಿತ್ತು. ವಾಪಸ್ ತಗೊಂಡಿದೀನಿ."

"ತಗೊಳ್ಳಿ. ಕಾಫಿ ಆರ್ತಾ ಐತೆ, ಅದನ್ನೂ ತಗೊಳ್ಳಿ" ಎಂದರು ಮಂಡಿ ಅಮ್ಮ.

ಸೋಮವಾರ ಹಲಗೆ ಮಂಡಿಗೆ ವಾಪಸಾಯಿತು. ಒರೆಸಲು ಬಂದವನನ್ನು ಅವರು ತಡೆದರು. ಕೊಬ್ಬರಿಯ ದರವನ್ನು ಕೆಳಗಿನ ಮೂಲೆಯಲ್ಲಿ ಪುಟ್ಟದಾಗಿ ಬರೆಸಿ ಬಾಗಿಲಿಗೆ ನಿಲ್ಲಿಸಿದರು. ಮಾದಿಹಳ್ಳಿ ಕಡೆಯ ರೈತರೊಬ್ಬರು ಬಹಳ ಹೊತ್ತು ಓದಿ, "ಅಮ್ಮಾ, ಆಟೀನು ಅಂದ್ರೆ ಯಾವ ತಳಿ?" ಎಂದು ಕೇಳಿದರು. ಆ ಬರಹ ತಾನಾಗಿ ಅಳಿಸಿಹೋಗುವ ತನಕ ಅಲ್ಲೇ ಇತ್ತು. ಟವಲ್ ಸುದ್ದಿ ಮತ್ತೆ ಯಾರೂ ಎತ್ತಲಿಲ್ಲ.

ಕಾರ್ಯದರ್ಶಿಗಳು ಹೇಳಿದ್ದ ವರ್ಗವೂ ಬಂತು. ನಾನು ಬೇಲೂರಿಗೆ ಬಂದೆ, ಮದುವೆಯಾದೆ. ರಜೆಯಲ್ಲಿ ಅರಸೀಕೆರೆಗೆ ಹೋಗಿ ಅವರ ಎದುರು ಕೂರುವುದನ್ನು ಮಾತ್ರ ಬಿಡಲಿಲ್ಲ. ಕಡೆಯ ವರ್ಷಗಳಲ್ಲಿ ಅವರ ಕಣ್ಣು ಮಂದವಾಗಿತ್ತು, ಎಲೆಯನ್ನು ಮೂಗಿನ ಹತ್ತಿರ ಹಿಡಿಯುತ್ತಿದ್ದರು. ಕೂಗು ಮಾತ್ರ ಹಾಗೆಯೇ, ಅಂಗಳಕ್ಕೆ ಕೇಳಿಸುತ್ತಿತ್ತು. ಅವರು ಹೋಗಿ ಈಗ ಕೆಲವು ವರ್ಷಗಳಾದವು. ತಿಥಿಯ ದಿನ ಅವರ ಮಗ ಈ ಡಬ್ಬಿಯನ್ನು ತಂದು ನನ್ನ ಕೈಗಿಟ್ಟು, ನಿಮಗೇ ಸೇರಬೇಕಂತೆ ಎಂದರು. ಮಂಡಿಯಲ್ಲಿ ಆ ಹಲಗೆ ಈಗ ಇಲ್ಲ, ದರ ಎಲ್ಲರ ಮೊಬೈಲಿಗೇ ಬರುತ್ತದೆ. ಡಬ್ಬಿಯನ್ನು ಬೀರುವಿನ ಮೇಲರೆಗೆ ಇಟ್ಟವಳು ಹೋದ ಭಾನುವಾರದ ತನಕ ನಾನು ಅದನ್ನು ತೆರೆದಿರಲಿಲ್ಲ.

ಈಗ ಆ ಭಾನುವಾರದ ಅನಾಹುತ. ನನ್ನ ಕೈ ಚೆನ್ನಾಗಿತ್ತು, ಆಟೀನು ಒಂದೂ ಇರಲಿಲ್ಲ. ಮೂಗಿನ ತುಂಬ ಕೊಬ್ಬರಿ ವಾಸನೆ. ಒಂದು ಆಟೀನು ಎಂದು ಕೂಗಿದೆ. ಎದುರಿಗೆ ಕೂತಿದ್ದದ್ದು ಹಳೇಬೀಡಿನಿಂದ ಬಸ್ಸಿನಲ್ಲಿ ಬರುವ ಗಣಿತದ ಹುಡುಗಿ, ನನ್ನ ಹತ್ತಿರ ಊರ ಪದ್ಧತಿಯನ್ನು ಒಂದೂ ತಪ್ಪಿಲ್ಲದೆ ಕಲಿತವಳು. ತನ್ನಲ್ಲೂ ನಾಲ್ಕು ಆಟೀನು ಇವೆ ಎಂಬ ಸಂತೋಷದಲ್ಲಿ ನೇರವಾಗಿ ನಾಲ್ಕು ಆಟೀನಿಗೆ ಏರಿದಳು. ಪಕ್ಕದಲ್ಲಿದ್ದ ಅರೇಹಳ್ಳಿಯ ಜೀವಶಾಸ್ತ್ರದವಳು, ನಾನೇ ಕಲಿಸಿದ ನಿಯಮದಂತೆ, "ಮೇಡಂ ಕೂಗಿದ್ದಕ್ಕೆ ಏನರ್ಥ?" ಎಂದು ಅವಳನ್ನು ಕೇಳಿದಳು.

"ಕಮ್ಮಿ ಅಂದ್ರೂ ಐದು ಆಟೀನು ಇದಾವೆ ಅಂತ" ಎಂದಳು ಹುಡುಗಿ, ಎಳ್ಳಷ್ಟೂ ಅನುಮಾನವಿಲ್ಲದೆ.

ಅವಳು ಹೇಳಿದ್ದು ಸರಿ. ಕೂಗಿದವಳು ನಾನು, ಅರ್ಥ ಹೇಳುವ ಹಕ್ಕು ನನಗಿಲ್ಲ. ಸುಮ್ಮನೆ ಕೂತು ಆಡಿದೆ, ಹೀನಾಯವಾಗಿ ಸೋತೆ. ನನ್ನ ಕೈಯಿಂದ ಒಂದೂ ಆಟೀನು ಬೀಳದ್ದನ್ನು ಕಂಡು ಮೂವರೂ ಮುಖ ಮುಖ ನೋಡಿಕೊಂಡರು. ಕೊನೆಯ ಎಲೆ ಬಿದ್ದ ಮೇಲೆ ಹುಡುಗಿ ತಡೆಯಲಾರದೆ ಕೇಳಿದಳು, "ಮೇಡಂ, ಇಲ್ಲದೇ ಇರೋದನ್ನ ಯಾಕೆ ಕೂಗಿದ್ರಿ?"

ಆ ಕೂಗಿನ ಅರ್ಥ ಹೇಳಬೇಕಾದವರು ಎದುರಿನ ಕುರ್ಚಿಯವರು. ಹೇಳಬಲ್ಲವರು ಒಬ್ಬರೇ ಇದ್ದರು. ಮೇಜಿನ ಮೇಲಿನ ಎಲೆಗಳನ್ನು ಕೂಡಿಸಿ ಡಬ್ಬಿಯ ಪಕ್ಕಕ್ಕಿಟ್ಟೆ. ಆಮೇಲೆ ನಿಯಮ ಮುರಿದು ನಾನೇ ಹೇಳಲು ಶುರುಮಾಡಿದೆ.